ನೂರಕ್ಕೊಂದು ಹೆಬ್ಬೆಟ್ಟು

ಒಂದು ಇಟ್ಟಿಗೆಗೆ ಬೀಳುವ ಖರ್ಚು ಇಷ್ಟು: ನಾಲ್ಕು ಬೊಗಸೆ ಮಣ್ಣು, ಒಂದು ಹಿಡಿ ಬೂದಿ, ಅರ್ಧ ಚೊಂಬು ನೀರು, ಎರಡು ಸಲ ಸೊಂಟ ಬಗ್ಗಿಸುವುದು, ಒಂದು ಸಲ ದೇವರ ಹೆಸರು. ಇದರಲ್ಲಿ ಮಣ್ಣು, ಬೂದಿ, ನೀರು ಧಣಿಯವು. ಸೊಂಟ ಅವಳದು. ದೇವರ ಹೆಸರನ್ನು ಯಾರೂ ಕೇಳಿರಲಿಲ್ಲ, ಅದನ್ನು ಅವಳಾಗಿಯೇ ಸೇರಿಸುತ್ತಿದ್ದಳು. ದಿನಕ್ಕೆ ಐನೂರು ಇಟ್ಟಿಗೆ. ಅಂದರೆ ಸಾವಿರ ಸಲ ಬಗ್ಗುವುದು, ಐನೂರು ಸಲ ದೇವರನ್ನು ಕರೆಯುವುದು. ಇಷ್ಟು ಸಲ ಕರೆದರೆ ಕಿವುಡನಾದರೂ ಒಮ್ಮೆ ತಿರುಗಿ ನೋಡುತ್ತಾನೆ ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ.

"ಏಯ್ ಹೆಬ್ಬೆಟ್ಟು! ಏನೇ ಅದು, ಇಟ್ಟಿಗೆ ಕೊಯ್ತಾ ಇದೀಯೋ ಇಲ್ಲ ಕೂಸಿಗೆ ಸ್ನಾನ ಮಾಡಿಸ್ತಾ ಇದೀಯೋ? ಬೇಗ ಬೇಗ ಕೈ ಆಡಿಸೇ ಮುಂಡೆ!"

ಮೇಸ್ತ್ರಿಯ ಕೂಗು ಅಂಗಳದ ಆ ತುದಿಯಿಂದ ಬಂತು. ಗಂಡ ಬದುಕಿರುವವಳನ್ನು ಮುಂಡೆ ಎನ್ನುವುದು ಅವನಿಗೆ ಬಾಯಿಗೆ ಎಲೆ ಅಡಿಕೆ ಇದ್ದಂತೆ, ಜಗಿಯದೆ ಹೊತ್ತು ಹೋಗುತ್ತಿರಲಿಲ್ಲ. ಅವಳು ತಲೆ ಎತ್ತಲಿಲ್ಲ. ಅಚ್ಚು ಎತ್ತಿದಳು. ಅದು ನೂರನೆಯ ಇಟ್ಟಿಗೆ. ಅದರ ತಲೆಯ ಕಡೆ, ಗಿಡ್ಡ ಬದಿಗೆ, ಬಲಗೈ ಹೆಬ್ಬೆಟ್ಟು ಒತ್ತಿದಳು. ಹಸಿ ಮಣ್ಣಿನಲ್ಲಿ ಒಂದು ಗುಳಿ ಬಿತ್ತು.

ಆ ಇಟ್ಟಿಗೆ ಗೂಡಿನಲ್ಲಿ ಧಣಿಯ ಅಪ್ಪನ ಕಾಲದಿಂದ ಬಂದ ಒಂದು ಕಟ್ಟಳೆ ಇತ್ತು. ನೂರಕ್ಕೊಂದು ಇಟ್ಟಿಗೆ ಕೊಯ್ದವರದು. ಅದಕ್ಕೆ ಗುರುತು ಹಾಕಬೇಕು, ಗುರುತಿಲ್ಲದ್ದೆಲ್ಲ ಧಣಿಯದು. ಕೆಲವರು ಗೀರು ಹಾಕುತ್ತಿದ್ದರು, ಕೆಲವರು ಕಡ್ಡಿ ಚುಚ್ಚುತ್ತಿದ್ದರು. ಅವಳಿಗೆ ಓದು ಬರಹ ಬಾರದು, ಎಲ್ಲಿ ಹೋದರೂ ಒತ್ತುವುದು ಹೆಬ್ಬೆಟ್ಟನ್ನೇ, ಇಲ್ಲಿಯೂ ಅದನ್ನೇ ಒತ್ತಿದಳು. ಮೇಸ್ತ್ರಿ ಅದನ್ನೇ ಹೆಸರು ಮಾಡಿದ. ವಾರಿಗೆಯವರು ಅದರ ಹಿಂದೆ ಒಂದು ಅಕ್ಕ ಸೇರಿಸಿ ಹೆಬ್ಬೆಟ್ಟಕ್ಕ ಮಾಡಿದರು. ತಂದೆ ತಾಯಿ ಇಟ್ಟ ಹೆಸರು ಯಾವುದೆಂದು ಈಗ ಕೇಳಿದರೆ ಅವಳೂ ಒಂದು ಗಳಿಗೆ ಯೋಚಿಸಬೇಕಾಗಿತ್ತು.

ಉಳಿದವರು ತಮ್ಮ ಪಾಲಿನ ಇಟ್ಟಿಗೆಯನ್ನು ಆ ವಾರವೇ ಮಾರಿ, ಉಪ್ಪು ಸೊಪ್ಪು ತಂದು, ಉಳಿದರೆ ಕುಡಿದು ಕೈ ತೊಳೆದುಕೊಳ್ಳುತ್ತಿದ್ದರು. ಅವಳು ಮಾರಲಿಲ್ಲ. ಅಷ್ಟೇ ಅಲ್ಲ, ನೂರನೆಯ ಇಟ್ಟಿಗೆಯ ಸರದಿ ಬಂದಾಗ ಮಣ್ಣನ್ನು ಇನ್ನೊಮ್ಮೆ ನಾದುತ್ತಿದ್ದಳು. ಕಲ್ಲು ಹೆಕ್ಕುತ್ತಿದ್ದಳು, ಬೇರು ಕೀಳುತ್ತಿದ್ದಳು, ಬೂದಿಯನ್ನು ಬೆರಳಲ್ಲೇ ಜರಡಿ ಹಿಡಿದ ಹಾಗೆ ಉದುರಿಸುತ್ತಿದ್ದಳು. ಗೂಡು ಜೋಡಿಸುವವರ ಕೈಕಾಲು ಹಿಡಿದು ತನ್ನವನ್ನು ಬೆಂಕಿ ಸಮನಾಗಿ ತಾಗುವ ನಡುಮಧ್ಯದಲ್ಲಿ ಇಡಿಸುತ್ತಿದ್ದಳು. ಹೀಗಾಗಿ ಇಡೀ ಗೂಡಿನಲ್ಲಿ ಅವಳ ಇಟ್ಟಿಗೆಯೇ ಗಟ್ಟಿ. ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನುತ್ತಿತ್ತು.

ಇಟ್ಟಿಗೆ ಕೊಯ್ಯುವುದು ವರ್ಷಕ್ಕೆ ಐದು ತಿಂಗಳಷ್ಟೇ. ಹಾಗೆ ಏಳು ವರ್ಷದಲ್ಲಿ, ಒಡೆದದ್ದು ಬಿರುಕು ಬಿಟ್ಟದ್ದು ಬಿಟ್ಟು, ಮೂರು ಸಾವಿರದ ಎಂಟುನೂರ ಅರವತ್ತು ಆಗಿತ್ತು. ಒಂದು ಕೋಣೆಗೆ ನಾಲ್ಕು ಸಾವಿರ ಬೇಕು ಎಂದು ಗಾರೆಯವನು ಹೇಳಿದ್ದ. ಕೂಲಿಯವರ ಗುಡಿಸಲ ಸಾಲಿನ ಕೊನೆಗೆ ಒಂದು ಮೂಲೆ ಇತ್ತು, ಕಟ್ಟಿಕೋ ಹೋಗು ಎಂದು ಧಣಿ ಒಂದು ದಿನ ಒಳ್ಳೆಯ ಮನಸ್ಸಿನಲ್ಲಿದ್ದಾಗ ಅಂದಿದ್ದ. ನೂರ ನಲವತ್ತು ಇಟ್ಟಿಗೆ ಕಡಿಮೆ. ಇನ್ನೊಂದು ತಿಂಗಳ ಕೆಲಸ.

"ಅವ್ವ, ಅಪ್ಪನಿಗೆ ಬೇಕಾಗಿರೋದು ಒಂದೇ ಗೋಡೆ," ಎಂದು ಮಗಳು ಹೋದ ವರ್ಷವೇ ಹೇಳಿದ್ದಳು. "ಒಂದು ಗೋಡೆ ಎಬ್ಬಿಸು. ಉಳಿದ ಮೂರು ಆಮೇಲೆ ನೋಡ್ಕೊಳ್ಳೋಣ."

"ಒಂದೇ ಗೋಡೆ ಕಟ್ಟಿದ್ರೆ ಅದು ಮನೆ ಆಗುತ್ತೇನೇ? ನೋಡಿದೋರು ಉಗೀತಾರೆ. ಕಟ್ಟಿದ್ರೆ ನಾಲ್ಕೂ ಕಟ್ಟಬೇಕು."

ಈ ಒಂದು ಮಾತಿಗೆ ಅವಳು ಆಮೇಲೆ ತನ್ನ ನಾಲಿಗೆಯನ್ನು ಎಷ್ಟು ಸಲ ಕಚ್ಚಿಕೊಂಡಳೋ.

*

ಗಂಡ ಇಪ್ಪತ್ತೆರಡು ವರ್ಷ ಅದೇ ಗೂಡಿಗೆ ಬೆಂಕಿ ಉಣಿಸಿದವನು. ಎಲ್ಲರೂ ಬೆಂಕಿಯವನು ಎಂದೇ ಕರೆಯುತ್ತಿದ್ದರು. ಗೂಡಿನ ನೆತ್ತಿಯ ಮೇಲೆ ನಿಂತು, ಒಂದೊಂದೇ ಮುಚ್ಚಳ ತೆಗೆದು, ಕೆಳಗಿನ ಕೆಂಪಿಗೆ ಕಲ್ಲಿದ್ದಲ ಪುಡಿ ಸುರಿಯುವುದು ಅವನ ಕೆಲಸ. ಮುಚ್ಚಳ ತೆಗೆದಾಗೆಲ್ಲ ಒಂದು ಬುಗ್ಗೆ ಹೊಗೆ ಮುಖಕ್ಕೆ ಬರುತ್ತಿತ್ತು. ಇಪ್ಪತ್ತೆರಡು ವರ್ಷದ ಹೊಗೆ ಎದೆಯಲ್ಲೇ ಮನೆ ಮಾಡಿಕೊಂಡಿತು. ಈಗ ಅವನು ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಎರಡು ಕಾಲು ಇಳಿಬಿಟ್ಟು ಕೂತ ಹಾಗೆ ಆಗುತ್ತಿತ್ತು. ಕೂತೇ ಇರಬೇಕು, ಬೆನ್ನಿಗೆ ಏನಾದರೂ ಆಸರೆ ಬೇಕು. ಗುಡಿಸಲಿನ ಗೋಡೆ ಎಂದರೆ ಹೆಣೆದ ಚಾಪೆ. ಒರಗಿದರೆ ಚಾಪೆಯೂ ಅವನ ಜೊತೆಗೆ ಹೊರಗೆ ಹೊರಡುತ್ತಿತ್ತು.

ಹಗಲಿಗೆ ಇಟ್ಟಿಗೆ ರಾಶಿ ಇತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ತಾಯಿ ಮಗಳು ಅವನನ್ನು ಎತ್ತಿ ತಂದು ರಾಶಿಗೆ ಬೆನ್ನು ಕೊಡಿಸಿ ಕೂರಿಸುತ್ತಿದ್ದರು. ಅವನು ಅಲ್ಲಿಂದಲೇ ಇಡೀ ಅಂಗಳಕ್ಕೆ ಧಣಿಯ ಹಾಗೆ ಅಪ್ಪಣೆ ಕೊಡುತ್ತ, ಹೋಗುವವರನ್ನು ಬರುವವರನ್ನು ಕೆಣಕುತ್ತ, ನಡುನಡುವೆ ಕೆಮ್ಮಿ ಕಪ್ಪು ಉಗುಳುತ್ತ ಕೂತಿರುತ್ತಿದ್ದ. ರಾತ್ರಿಗೆ ಅವಳ ಬೆನ್ನು. ಇಬ್ಬರೂ ಬೆನ್ನಿಗೆ ಬೆನ್ನು ಹಚ್ಚಿ ಕೂರುತ್ತಿದ್ದರು. ಅವನು ಅವಳ ಮೇಲೆ ಭಾರ ಹಾಕಿ ನಿದ್ದೆ ಮಾಡುತ್ತಿದ್ದ, ಅವಳು ಮೊಣಕಾಲ ಮೇಲೆ ತಲೆಯಿಟ್ಟು ಸಿಕ್ಕಷ್ಟು ಮಾಡುತ್ತಿದ್ದಳು.

"ಲೋಕದಲ್ಲಿ ಗೊರಕೆ ಹೊಡೆಯೋ ಗೋಡೆ ಇರೋದು ನನಗೊಬ್ಬನಿಗೇ ಕಣೇ," ಎನ್ನುತ್ತಿದ್ದ.

"ಗೋಡೆ ಸ್ವಲ್ಪ ಅಲ್ಲಾಡಿದ್ರೆ ಬೈತೀಯಲ್ಲ, ಬೇರೆ ಗೋಡೆ ನೋಡ್ಕೋ ಹೋಗು."

"ಸಾವಿರಗಟ್ಟಲೆ ಕೊಯ್ದಿದೀಯ, ಒಂದು ಗೋಡೆ ಕೊಡಿಸೋಕೆ ಯೋಗ್ಯತೆ ಇಲ್ಲ ನಿನಗೆ."

"ಇನ್ನು ನೂರ ನಲವತ್ತು. ಬಾಯಿ ಮುಚ್ಕೊಂಡು ಉಸಿರಾಡು."

"ಎರಡೂ ಒಟ್ಟಿಗೆ ಆಗಲ್ಲ. ಒಂದು ಹೇಳು."

ನಕ್ಕರೆ ಅವನಿಗೆ ಕೆಮ್ಮು ಬರುತ್ತಿತ್ತು. ಅವಳ ಬೆನ್ನಿನ ಮೂಲಕ ಆ ಕೆಮ್ಮು ಅವಳ ಹಲ್ಲಿನ ತನಕ ಬರುತ್ತಿತ್ತು.

*

ವಾರಕ್ಕೊಂದು ಬಿಡುವಿನ ದಿನ. ಆ ದಿನ ಬೆಳಕು ಹರಿಯುವ ಮುಂಚೆ ಅವಳು ಊರೊಳಗಿನ ದೇವರ ಮನೆಗೆ ಹೋಗಿ ನೆಲ ಗುಡಿಸಿ ಒರೆಸುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ತಪ್ಪಿಸಿರಲಿಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ, ಅವಳೂ ಕೇಳಿರಲಿಲ್ಲ. ಜನ ಸೇರುವ ಹೊತ್ತಿಗೆ ಹೊರಗೆ ಬಂದು ಮೆಟ್ಟಿಲ ಕೆಳಗೆ ನಿಲ್ಲುತ್ತಿದ್ದಳು. ಗೂಡಿನವರ ಕಾಲಲ್ಲಿ ಮಣ್ಣು ಇರುತ್ತದೆ, ಅವರು ಹೊರಗೇ ನಿಲ್ಲಬೇಕು ಎಂಬುದು ಅಲ್ಲಿಯ ರೂಢಿ. ಒರೆಸುವಾಗ ಅವಳ ಕಾಲಲ್ಲಿ ಮಣ್ಣು ಇರುವುದಿಲ್ಲ, ಕೈ ಮುಗಿಯುವಾಗ ಇರುತ್ತದೆ.

"ನಿನ್ನ ದೇವರಿಗೆ ಗುಡಿಸೋಳು ಬೇಕು, ಮುಖ ಬೇಡ," ಎಂದು ಮಗಳು ಆಡಿಕೊಳ್ಳುತ್ತಿದ್ದಳು. ಇಪ್ಪತ್ತರ ಹುಡುಗಿ, ಹಸಿ ಇಟ್ಟಿಗೆ ಹೊತ್ತೂ ಹೊತ್ತೂ ಕುತ್ತಿಗೆ ಗಟ್ಟಿಯಾಗಿತ್ತು, ನಾಲಿಗೆಯೂ.

"ಹಾಗೆಲ್ಲ ಅನ್ಬೇಡ್ವೇ. ಅಪ್ಪನ್ನ ಇಷ್ಟು ದಿನ ಉಳಿಸಿರೋನು ಅವನೇ."

"ಉಳಿಸಿರೋದು ನಿನ್ನ ಬೆನ್ನು."

ಆ ವರ್ಷ ದೇವರ ಮನೆಗೆ ಮುಂದಿನ ಗೋಡೆ ಕಟ್ಟಿಸಿಕೊಡುವುದಾಗಿ ಧಣಿ ಮಾತು ಕೊಟ್ಟಿದ್ದ. ಗೋಡೆಯ ನಡುವೆ ಅವನ ಹೆಸರಿನ ಕಲ್ಲು. ದೂರದಿಂದ ದೊಡ್ಡ ಗುರುಗಳು ಬಂದು ಆ ಕಲ್ಲಿನ ಪರದೆ ಸರಿಸುವುದೆಂದು ದಿನವೂ ಗೊತ್ತಾಗಿತ್ತು. ಅಷ್ಟರಲ್ಲಿ ಹೊತ್ತಲ್ಲದ ಹೊತ್ತಲ್ಲಿ ಮಳೆ ಬಂತು. ಗೂಡಿನೊಳಗೆ ನೀರು ನುಗ್ಗಿ ಇಡೀ ಸುಡುವಿಕೆ ಕೆಟ್ಟಿತು. ತೆಗೆದ ಇಟ್ಟಿಗೆ ಕೈಯಲ್ಲಿ ಹಿಡಿದರೆ ಒಣರೊಟ್ಟಿಯ ಹಾಗೆ ಮುರಿಯುತ್ತಿತ್ತು. ದೊಡ್ಡ ಗುರುಗಳು ಬರುವುದಕ್ಕೆ ಇನ್ನು ಹದಿನೆಂಟು ದಿನ.

ಮೂರನೆಯ ದಿನ ಧಣಿ, ಊರ ಗುರುಗಳು, ಮೇಸ್ತ್ರಿ ಮೂವರೂ ಅವಳ ಗುಡಿಸಲ ಹಿಂದೆ ಬಂದು ನಿಂತರು. ಬೆಂಕಿಯವನು ರಾಶಿಗೆ ಬೆನ್ನು ಕೊಟ್ಟು ಕೂತಿದ್ದ. ಅವನನ್ನು ಯಾರೂ ನೋಡಲಿಲ್ಲ. ಗುರುಗಳು ಅವನ ತಲೆಯ ಮೇಲಿನ ಇಟ್ಟಿಗೆಯನ್ನು ಗೆಣ್ಣಿನಿಂದ ತಟ್ಟಿದರು. ಠಣ್ ಎಂದಿತು.

"ನೋಡಿದ್ರಾ, ಇದು ಇಟ್ಟಿಗೆ!"

"ನಮ್ಮ ಗೂಡಿಂದೇ ಅಲ್ವಾ ಗುರುಗಳೇ," ಧಣಿ ಮೀಸೆ ಸವರಿದ.

"ನನ್ನನ್ನೂ ಒಂದ್ಸಲ ತಟ್ಟಿ ನೋಡಿ ಗುರುಗಳೇ," ಬೆಂಕಿಯವನು ಕೆಳಗಿನಿಂದ ಅಂದ. "ಇಪ್ಪತ್ತೆರಡು ವರ್ಷ ಸುಟ್ಟಿದಾರೆ, ನಾನೂ ಠಣ್ ಅಂತೀನೇನೋ."

ಮೇಸ್ತ್ರಿ ನಕ್ಕು, ಧಣಿ ನಗದೇ ಇದ್ದುದನ್ನು ಕಂಡು ನಿಲ್ಲಿಸಿದ. ಅವಳನ್ನು ಕೂಗಿ ಕರೆದರು. ಅವಳು ಮಣ್ಣುಗೈಯಲ್ಲೇ ಓಡಿ ಬಂದಳು.

"ನೋಡಮ್ಮ," ಗುರುಗಳು ದನಿ ಮೆತ್ತಗೆ ಮಾಡಿದರು, "ಎಷ್ಟೋ ಜನ ದೇವರಿಗೆ ಕೊಡ್ತೀವಿ ಕೊಡ್ತೀವಿ ಅಂತ ಬರ್ತಾರೆ. ಆದ್ರೆ ದೇವರೇ ಬಾಯಿ ಬಿಟ್ಟು ಕೇಳೋದು ಎಷ್ಟು ಜನರ ಹತ್ರ? ಧಣಿಗಳ ಗೂಡಲ್ಲಿ ಇಟ್ಟಿಗೆ ಕೆಟ್ಟಿದ್ದು ಸುಮ್ನೆ ಅಂದ್ಕೊಂಡ್ಯಾ? ಅವನಿಗೆ ನಿನ್ನ ಇಟ್ಟಿಗೇನೇ ಬೇಕಿತ್ತು."

ಅವಳು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. ತನಗಾದದ್ದು ಹೆದರಿಕೆಯೋ ಹಿಗ್ಗೋ ಅವಳಿಗೇ ತಿಳಿಯಲಿಲ್ಲ.

"ಬಿಟ್ಟಿ ಅಲ್ವೇ," ಧಣಿ ಅಂದ. "ಮುಂದಿನ ಸಲದಿಂದ ನಿನಗೊಬ್ಬಳಿಗೆ ನೂರಕ್ಕೆರಡು. ಮೂರೇ ವರ್ಷಕ್ಕೆ ಎಲ್ಲಾ ವಾಪಸ್ ಬರುತ್ತೆ."

ಅವಳು ಗಂಡನನ್ನು ನೋಡಿದಳು. ಅವನು ಮೂರು ವರ್ಷ ಎಂಬ ಮಾತನ್ನು ಕೇಳಿ ತನ್ನ ಎದೆಯನ್ನೇ ಬಗ್ಗಿ ನೋಡಿಕೊಳ್ಳುತ್ತಿದ್ದ, ಅಲ್ಲಿ ಅಷ್ಟು ಇದೆಯಾ ಎಂದು ಹುಡುಕುವವನ ಹಾಗೆ.

"ಗುರುಗಳೇ," ಅವಳು ಕೊನೆಗೆ ಬಾಯಿ ಬಿಟ್ಟಳು. "ಒಂದೇ ಒಂದು ಮಾತು. ಇವನಿಗೆ ಮಲಗೋಕಾಗಲ್ಲ. ಗೋಡೆ ಎದ್ದ ಮೇಲೆ, ಒಳಗೆ ಅಲ್ಲ, ಹೊರಗೇ, ರಸ್ತೆ ಕಡೆ, ಇವನು ಅದಕ್ಕೆ ಬೆನ್ನು ಕೊಟ್ಟು ಕೂರಬಹುದಾ?"

"ಅಯ್ಯೋ, ಅದಕ್ಕೇನಮ್ಮ! ದೇವರ ಗೋಡೆಗೆ ಒರಗೋಕೆ ಯಾರ ಅಪ್ಪಣೆ ಬೇಕು? ಧಾರಾಳವಾಗಿ ಕೂರಲಿ."

ಅವಳು ಕೈ ಮುಗಿದಳು. ಬೇಡ ಅಂದಿದ್ದರೂ ಟ್ರ್ಯಾಕ್ಟರ್ ಬರುತ್ತಿತ್ತು, ಅದು ಅವಳಿಗೂ ಗೊತ್ತಿತ್ತು. ಆದರೆ ಬೇಡ ಅನ್ನಲಿಲ್ಲ. ಬಿಡುವಿನ ದಿನ ನೆಲ ಒರೆಸಿದ ಅಷ್ಟು ವರ್ಷಗಳು ಅವಳ ಹಿಂದೆ ನಿಂತು ಹೂಂ ಅನ್ನು ಎಂದು ತಳ್ಳಿದವು.

*

ಟ್ರ್ಯಾಕ್ಟರ್ ಮಾರನೆಯ ದಿನ ಬಂತು. ತುಂಬುವವರು ಆ ಕಡೆಯಿಂದ ಶುರು ಮಾಡಿದರು. ಅವಳೂ ಕೈ ಹಾಕಿದಳು. ಬೇರೆಯವರು ಎತ್ತಿ ಹಾಕಿದರೆ ಮೂಲೆ ಒಡೆಯುತ್ತದೆ. ಮಧ್ಯಾಹ್ನದ ಹೊತ್ತಿಗೆ ರಾಶಿ ಕರಗಿ, ಬೆಂಕಿಯವನ ಬೆನ್ನ ಹಿಂದೆ ಒಂದಾಳಗಲದ ಕಂಬ ಮಾತ್ರ ಉಳಿಯಿತು. ಅವನು ಅಲ್ಲಾಡದೆ ಕೂತಿದ್ದ.

"ಏಳಯ್ಯ," ಮೇಸ್ತ್ರಿ ಅಂದ.

"ಏಳೋಕಾಗಿದ್ರೆ ಇಲ್ಲಿ ಯಾಕೆ ಕೂರ್ತಿದ್ದೆ?"

"ಹೊತ್ತಾಯ್ತು ಏಳೋ ಬೋಳಿಮಗನೇ! ದೇವರ ಕೆಲಸಕ್ಕೆ ಅಡ್ಡ ಕೂತಿದೀಯಲ್ಲೋ!"

ಅವಳು ಬಂದು ಗಂಡನ ಎರಡೂ ಕಂಕುಳಿಗೆ ಕೈ ಹಾಕಿ ಮುಂದಕ್ಕೆ ಎಳೆದುಕೊಂಡಳು. ಅವನ ತಲೆ ಅವಳ ಹೆಗಲ ಮೇಲೆ ಬಿತ್ತು. ಹಿಂದಿನಿಂದ ಇಟ್ಟಿಗೆಗಳು ಒಂದೊಂದಾಗಿ ಹೋದವು. ಅವನು ಅವಳ ಕಿವಿಯಲ್ಲಿ ಎಣಿಸುತ್ತಿದ್ದ. ನಲವತ್ತೊಂದು, ನಲವತ್ತೆರಡು. ನಲವತ್ತಾರಕ್ಕೆ ಉಸಿರು ಸಾಲದೆ ನಿಲ್ಲಿಸಿದ.

ಗಾಡಿ ಹೊರಟ ಮೇಲೆ ಮಗಳು ತಾಯಿಯನ್ನು ಗುಡಿಸಲೊಳಗೆ ಕರೆದಳು. ಒಲೆಯ ಪಕ್ಕದ ಗೋಣಿ ಎತ್ತಿ ತೋರಿಸಿದಳು. ಅಡಿಯಲ್ಲಿ ಒಂದು ಇಟ್ಟಿಗೆ ಇತ್ತು.

"ಕದ್ದೆ," ಅಂದಳು. "ನಿನ್ನ ದೇವರಿಗೆ ಒಂದು ಕಮ್ಮಿ ಬಿದ್ರೆ ಬೀಳಲಿ."

ಮೊದಲ ವರ್ಷದ ಇಟ್ಟಿಗೆ ಅದು, ರಾಶಿಯ ತಳದ್ದು. ಅದರ ಹೆಬ್ಬೆಟ್ಟಿನ ಗುಳಿಯಲ್ಲಿ ಬೆರಳ ಗೆರೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು. ತಾಯಿ ತನ್ನ ಬೆರಳು ತಿರುಗಿಸಿ ನೋಡಿಕೊಂಡಳು. ಮಣ್ಣು ತಿಂದು ತಿಂದು ಈಗ ಅದು ಹೊಳೆಗಲ್ಲಿನ ಹಾಗೆ ನುಣ್ಣಗಿತ್ತು. ಮಗಳನ್ನು ಬೈಯಬೇಕೆಂದುಕೊಂಡವಳು ಗೋಣಿ ಮತ್ತೆ ಹೊದಿಸಿದಳು.

*

ಗೋಡೆ ಎದ್ದಿತು. ಒಂದು ಅಡ್ಡ ಒಂದು ಉದ್ದ ಇಟ್ಟು ಕಟ್ಟಿದ ಗೋಡೆ, ಹೀಗಾಗಿ ಒಂದು ಬಿಟ್ಟು ಒಂದು ಇಟ್ಟಿಗೆಯ ತಲೆ ಹೊರಗೆ ಕಾಣುತ್ತಿತ್ತು, ತಲೆಯಲ್ಲಿ ಅವಳ ಹೆಬ್ಬೆಟ್ಟು. ಬಿಡುವಿನ ದಿನ ಕಸ ಗುಡಿಸಲು ಹೋದವಳು ಕಸಬರಿಗೆ ಹಿಡಿದುಕೊಂಡೇ ಗೋಡೆಯ ಉದ್ದಕ್ಕೂ ನಡೆದಳು. ತನ್ನ ಹೆಬ್ಬೆಟ್ಟುಗಳು ನೂರಾರು, ಮೇಲಿನಿಂದ ಕೆಳಗೆ, ಈ ತುದಿಯಿಂದ ಆ ತುದಿಗೆ. ಇಷ್ಟು ವರ್ಷ ಮೆಟ್ಟಿಲ ಕೆಳಗೆ ನಿಂತವಳು ಈಗ ಗೋಡೆಯ ತುಂಬ ನಿಂತಿದ್ದೇನೆ ಅನ್ನಿಸಿ ಅವಳಿಗೆ ಕಣ್ಣು ತುಂಬಿ ಬಂತು. ಇದನ್ನು ಮಗಳಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದಳು.

"ನಡೆ ಹಾಗಾದ್ರೆ," ಅಂದ ಅವನು. ರಾಶಿ ಹೋದ ಮೇಲೆ ಹದಿನಾಲ್ಕು ದಿನ ಅವನಿಗೆ ಹಗಲಿಗೂ ಆಸರೆ ಇರಲಿಲ್ಲ. ಅವಳು ಕೆಲಸಕ್ಕೆ ಹೋದಾಗ ಮೊಣಕಾಲಿಗೆ ಗದ್ದ ಹಚ್ಚಿ, ಮೂಟೆ ಕಟ್ಟಿದ ಹಾಗೆ ಮುದುರಿ ಕೂರುತ್ತಿದ್ದ. ದನಿ ಒಳಕ್ಕೆ ಹೋಗಿತ್ತು. "ನನ್ನ ಗೋಡೆ ತೋರಿಸು."

ಪರದೆ ಸರಿಸುವ ದಿನವೇ ಹೋದರು, ಆ ದಿನ ಗೂಡಿಗೆ ರಜೆ ಇತ್ತು. ತಾಯಿ ಮಗಳು ಅವನನ್ನು ಮಣ್ಣು ಸಾಗಿಸುವ ತಳ್ಳುಗಾಡಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದರು. ಜನ ಸೇರುವ ಮುಂಚೆಯೇ, ಹೆಸರಿನ ಕಲ್ಲಿನಿಂದ ದೂರ, ಗೋಡೆಯ ತುದಿಯಲ್ಲಿ ಇಳಿಸಿ ಒರಗಿಸಿದರು. ಬಿಸಿಲಿಗೆ ಇಟ್ಟಿಗೆ ಬೆಚ್ಚಗಾಗಿತ್ತು. ಅವನು ಬೆನ್ನು ಊರಿದ. ಒಂದು ಸಲ ಜೋರಾಗಿ ಒತ್ತಿ ನೋಡಿದ. ಗೋಡೆ ಅಲ್ಲಾಡಲಿಲ್ಲ.

"ಗೊರಕೆ ಹೊಡೆಯಲ್ಲ ಇದು," ಅಂದ. ಕೈ ಹಿಂದೆ ಮಾಡಿ ಬೆರಳಿಂದ ತಡವಿ ಒಂದು ಗುಳಿ ಹುಡುಕಿ, ಅದರೊಳಗೆ ತನ್ನ ಹೆಬ್ಬೆಟ್ಟು ಇಟ್ಟುಕೊಂಡು, ಹಾಗೇ ನಿದ್ದೆಹೋದ. ಬಾಯಿ ತೆರೆದಿತ್ತು. ಎಷ್ಟೋ ತಿಂಗಳಾದ ಮೇಲೆ ಅವನ ಎದೆ ನಿಧಾನವಾಗಿ ಏರಿ ಇಳಿಯುವುದನ್ನು ಅವಳು ಕಂಡಳು. ನೊಣ ಬಾರದಂತೆ ತಲೆಬಟ್ಟೆಯಿಂದ ಬೀಸುತ್ತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

ಒಂದು ಗಂಟೆ ಕಳೆಯಿತೋ ಇಲ್ಲವೋ, ಜನ ತುಂಬಿದರು. ಧಣಿ ಹೊಸ ಬಟ್ಟೆ ತೊಟ್ಟು ಗೋಡೆಯ ಉದ್ದಕ್ಕೂ ನಡೆದು ಬಂದ. ಅರ್ಧಕ್ಕೆ ನಿಂತ.

"ಏನೋ ಇದು? ಗೋಡೆಗೆ ಸಿಡುಬು ಎದ್ದ ಹಾಗೆ ತೂತು?"

"ಅದು... ಹೆಬ್ಬೆಟ್ಟಿನ ಗುರುತು ಧಣಿ," ಮೇಸ್ತ್ರಿ ತಲೆ ಕೆರೆದ.

"ಥೂ! ನನ್ನ ಹೆಸರಿನ ಸುತ್ತ ಇವಳ ಹೆಬ್ಬೆಟ್ಟಾ? ನಾಳೆನೇ ಗಾರೆ ಬಳಿಸು. ಒಂದೂ ಕಾಣಬಾರದು." ಅಷ್ಟರಲ್ಲಿ ಅವನ ಕಣ್ಣು ಗೋಡೆಯ ತುದಿಗೆ ಹೋಯಿತು. "ಆ ಹೆಣ ಯಾವನದು?"

ಬೆಂಕಿಯವನು ಎಚ್ಚರಗೊಂಡ. ಎಚ್ಚರಾದ ಕೂಡಲೇ ಕೆಮ್ಮು ಬಂತು. ತಡೆಯಲು ನೋಡಿದ, ತಡೆದಷ್ಟೂ ಒಳಗಿನಿಂದ ಕಿತ್ತುಕೊಂಡು ಬಂತು. ಕಪ್ಪು ಉಗುಳು ಗೋಡೆಯ ಬುಡಕ್ಕೆ ಬಿತ್ತು. ಹತ್ತಿರ ನಿಂತಿದ್ದವರು ಮೂಗು ಮುಚ್ಚಿ ಸರಿದರು.

"ಎತ್ತಾಕ್ರೋ ಇವನ್ನ! ದೊಡ್ಡ ಗುರುಗಳು ಬರೋ ಹೊತ್ತಲ್ಲಿ ದರಿದ್ರ!"

ಅವಳು ಊರ ಗುರುಗಳ ಹತ್ತಿರ ಓಡಿದಳು. "ಗುರುಗಳೇ, ನೀವೇ ಕೂರಲಿ ಅಂದಿದ್ರಲ್ಲ. ಹೇಳಿ ಅವರಿಗೆ."

ಗುರುಗಳು ಸುತ್ತ ನೋಡಿ ದನಿ ತಗ್ಗಿಸಿದರು. "ಕೂರಲಿ ಅಂದಿದ್ದು ನಿಜ ಕಣಮ್ಮ. ಇವತ್ತೇ ಅಂದೆನಾ?"

ಇಬ್ಬರು ಆಳುಗಳು ಅವನನ್ನು ತಳ್ಳುಗಾಡಿಗೆ ಎತ್ತಿ ಹಾಕಿದರು. ಮೇಸ್ತ್ರಿ ಒಂದು ಕೊಡ ನೀರು ತಂದು ಉಗುಳು ಬಿದ್ದ ಜಾಗಕ್ಕೆ ಸುರಿದ. ಆಮೇಲೆ ಏನನ್ನಿಸಿತೋ, ಬೆಂಕಿಯವನ ಬೆನ್ನು ತಾಗಿದ್ದ ಇಟ್ಟಿಗೆಗಳ ಮೇಲೂ ಒಂದು ಚೊಂಬು ಎರಚಿದ.

"ಅಪ್ಪನ ಬೆನ್ನಿಗೂ ಸ್ವಲ್ಪ ಹಾಕೋ ಸೂಳೆಮಗನೇ," ಮಗಳು ಕೂಗಿದಳು, "ನಿಮ್ಮ ಗೋಡೆ ತಾಗಿ ಮೈಲಿಗೆ ಆಗಿದೆ!"

ತಾಯಿ ಅವಳ ಬಾಯಿ ಮುಚ್ಚಿ ಎಳೆದುಕೊಂಡು ಹೋದಳು.

ಗಾರೆ ಬಳಿಯುವ ದಿನ ಅವಳು ಮಧ್ಯಾಹ್ನದ ಗಂಜಿಯ ಬಿಡುವಿನಲ್ಲಿ ಓಡಿ ಹೋಗಿ ನಿಂತು ನೋಡಿದಳು. ಗಾರೆಯವನು ಕರಣೆಯಿಂದ ಒಂದೊಂದೇ ಗುಳಿ ಮುಚ್ಚುತ್ತ ಸಮಾಧಾನಕ್ಕೆಂದೇ ಅಂದ:

"ಬೇಜಾರು ಮಾಡ್ಕೋಬೇಡ ಹೆಬ್ಬೆಟ್ಟಕ್ಕ. ಈ ತಗ್ಗು ಇದ್ದದ್ದೇ ಒಳ್ಳೇದಾಯ್ತು. ನುಣ್ಣಗಿನ ಇಟ್ಟಿಗೆಗೆ ಗಾರೆ ನಿಲ್ಲಲ್ಲ. ಇದು ಕಚ್ಕೊಂಡು ಹಿಡ್ಕೊಳ್ಳುತ್ತೆ ನೋಡು. ನೂರು ವರ್ಷ ಉದುರಲ್ಲ."

ಅವಳು ಗುರುಗಳನ್ನು ಮತ್ತೊಮ್ಮೆ ಕೇಳಿದಳು. ಗಾರೆ ಆರಲಿ ಅಂದರು. ಗಾರೆ ಆರಿದ ಮೇಲೆ ಕೇಳಿದಳು. ಸುಣ್ಣ ಹೊಡೆದಿದೆಯಲ್ಲಮ್ಮ, ಬೆನ್ನಿಗೆ ಹತ್ತುತ್ತೆ ಅಂದರು.

*

ಪರದೆ ಸರಿಸಿದ ದಿನದಿಂದ ಒಂಬತ್ತು ದಿನ ಕಳೆದ ಮೇಲೆ, ಬೆಳಕು ಹರಿಯುವ ಹೊತ್ತು, ಮೊಣಕಾಲ ಮೇಲೆ ತಲೆಯಿಟ್ಟಿದ್ದ ಅವಳಿಗೆ ಬೆನ್ನಿನ ಭಾರ ಬೇರೆಯಾದದ್ದು ಗೊತ್ತಾಯಿತು. ಬದುಕಿರುವವರು ಒರಗಿದರೆ ಆ ಭಾರ ಏರುತ್ತದೆ, ಇಳಿಯುತ್ತದೆ. ಇದು ಇಟ್ಟಿಗೆ ಪೇರಿಸಿದ ಹಾಗೆ ಸುಮ್ಮನೆ ಇತ್ತು. ಅವಳು ಅಲ್ಲಾಡಲಿಲ್ಲ. ಅಲ್ಲಾಡಿದರೆ ಅವನು ಬೀಳುತ್ತಾನೆ. ಮಗಳು ಏಳುವ ತನಕ ಹಾಗೇ ಕೂತಿದ್ದಳು.

"ಅವ್ವ, ಕೆಲಸಕ್ಕೆ ಹೊತ್ತಾಯ್ತು," ಮಗಳು ಕಣ್ಣುಜ್ಜುತ್ತ ಎದ್ದಳು.

"ಅಪ್ಪನ್ನ ಹಿಡ್ಕೋ," ಅಂದಳು. "ನಾನು ಏಳ್ಬೇಕು."

ಮಣ್ಣು ಮಾಡುವಾಗ ಗುರುಗಳು ದೂರದಲ್ಲಿ ನಿಂತು ಎರಡು ಮಾತು ಓದಿದರು. ದೇವರು ತನ್ನವನನ್ನು ಕರೆದುಕೊಂಡ ಅಂದರು. ಅವಳು ಕೈ ಮುಗಿಯಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ಮಗಳೊಬ್ಬಳ ಹೊರತು.

ಮೂರನೆಯ ದಿನ ಕೆಲಸಕ್ಕೆ ಹೋದಳು. ಮಣ್ಣು ನಾದಿದಳು, ಎಲ್ಲ ಮಣ್ಣನ್ನೂ ಎರಡೆರಡು ಸಲ. ಅಚ್ಚಿಗೆ ತುಂಬಿದಳು, ಬಡಿದಳು, ಎತ್ತಿದಳು. ದೇವರ ಹೆಸರು ಹೇಳುವ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದಳು. ಮೊದಲ ಇಟ್ಟಿಗೆಗೆ ಒತ್ತಿದಳು. ಎರಡನೆಯದಕ್ಕೆ ಒತ್ತಿದಳು. ಪಕ್ಕದ ಸಾಲಿನ ಹೆಂಗಸು ಹತ್ತರ ತನಕ ನೋಡಿ, ದುಃಖಕ್ಕೆ ಲೆಕ್ಕ ತಪ್ಪಿದೆ ಎಂದುಕೊಂಡಳು.

"ಹೆಬ್ಬೆಟ್ಟಕ್ಕ, ನೂರಕ್ಕೊಂದು ಕಣೇ."

"ಗೊತ್ತು."

ಸಂಜೆ ಮೇಸ್ತ್ರಿ ಸಾಲು ಎಣಿಸುತ್ತ ಬಂದ. ಅವಳ ಸಾಲಿನ ತಲೆಯ ಕಡೆ ಬಂದವನು ನಿಂತೇ ಬಿಟ್ಟ. ಐನೂರು ಹಸಿ ಇಟ್ಟಿಗೆ, ಐನೂರು ಗುಳಿ.

"ಏಯ್ ಮುಂಡೆ..." ಎಂದು ಶುರು ಮಾಡಿ ಅರ್ಧಕ್ಕೆ ನುಂಗಿದ. ಇಷ್ಟು ವರ್ಷ ಬೈಗುಳವಾಗಿದ್ದ ಮಾತು ಈಗ ನಿಜವಾಗಿಬಿಟ್ಟಿತ್ತು, ಅವನ ಬಾಯಿಗೂ ಅದು ಕಹಿಯಾಯಿತು. ಧಣಿಯನ್ನು ಕರೆಯಲು ಓಡಿದ.

ಧಣಿ ಸಾಲಿನ ಉದ್ದಕ್ಕೂ ನಡೆದು ನೋಡಿ, ವಾಪಸು ನಡೆದು ನೋಡಿ, ಅವಳ ಮುಂದೆ ನಿಂತ. ಕೆಲಸದವರೆಲ್ಲ ಕೈ ಬಿಟ್ಟು ನಿಂತಿದ್ದರು.

"ಏನೇ ಇದು?"

"ಗುರುತು."

"ಎಲ್ಲದಕ್ಕೂ ಒತ್ತಿದೀಯಲ್ಲೇ!"

"ಎಲ್ಲಾ ನಾನೇ ಕೊಯ್ದಿದ್ದು."

"ತಲೆ ಕೆಟ್ಟಿದೆಯಾ ನಿನಗೆ? ನಿನ್ನದು ನೂರಕ್ಕೊಂದು!"

"ನೂರಕ್ಕೊಂದರ ಹಾಗೆ ಏಳು ವರ್ಷ ಕೂಡಿಟ್ಟೆ. ಅದನ್ನೂ ತಗೊಂಡ್ರಿ. ಒಂದೂ ನನ್ನದಲ್ಲ ಅಂದ ಮೇಲೆ ಎಲ್ಲದಕ್ಕೂ ಒತ್ತಿದ್ರೆ ಏನು, ಬಿಟ್ರೆ ಏನು?"

ಧಣಿಯ ಕೈ ಮೇಲೆದ್ದಿತು. ಮಗಳು ತಾಯಿಯ ಪಕ್ಕಕ್ಕೆ ಬಂದು ನಿಂತಳು, ಕೈಯಲ್ಲಿ ಮಣ್ಣು ಕಡಿಯುವ ಗುದ್ದಲಿ ಇತ್ತು. ಗುದ್ದಲಿಯನ್ನು ಎತ್ತಲೂ ಇಲ್ಲ, ಕೆಳಗಿಡಲೂ ಇಲ್ಲ. ಧಣಿಯ ಕೈ ಹಾಗೇ ಇಳಿದು, ಮಣ್ಣು ತುಳಿಯುವ ನಾಲ್ವರ ಕಡೆ ತಿರುಗಿತು.

"ತುಳೀರಿ ಇದನ್ನೆಲ್ಲ. ಈಗಲೇ. ಮತ್ತೆ ಮಣ್ಣು ಮಾಡಿ. ಇವತ್ತಿಂದ ಈ ಗೂಡಲ್ಲಿ ನೂರಕ್ಕೊಂದು ಇಲ್ಲ, ಯಾರಿಗೂ ಇಲ್ಲ. ಯಾರಾದ್ರೂ ಕೇಳಿದ್ರೆ ಈ ಮಹಾತಾಯಿಯನ್ನ ತೋರಿಸಿ. ಇವರಿಬ್ಬರೂ ಕತ್ತಲಾಗೋದರೊಳಗೆ ಗುಡಿಸಲು ಬಿಡ್ಬೇಕು."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಕದಲಲಿಲ್ಲ. ಎರಡು ಎಣಿಸುವಷ್ಟು ಹೊತ್ತು, ಮೂರು ಎಣಿಸುವಷ್ಟು. ಆಮೇಲೆ ಅವರಲ್ಲಿ ಹಿರಿಯವನು ತಲೆ ತಗ್ಗಿಸಿ ಮುಂದೆ ಬಂದ.

"ಬೈಕೋಬೇಡ ಹೆಬ್ಬೆಟ್ಟಕ್ಕ. ಮನೇಲಿ ನಾಲ್ಕು ಹೊಟ್ಟೆ ಇವೆ."

"ತುಳಿ ತಮ್ಮ," ಅಂದಳು. "ತುಳಿಯೋದಾದ್ರೆ ಚೆನ್ನಾಗಿ ತುಳಿ. ಗಂಟು ಉಳಿಸ್ಬೇಡ, ಸುಡುವಾಗ ಬಿರುಕು ಬಿಡುತ್ತೆ."

ಅವರು ತುಳಿದರು. ಅವಳು ಕಡೆಯ ಸಾಲಿನ ತನಕ ನಿಂತು ನೋಡಿದಳು. ಹೊರಟಾಗ ಹೆಂಗಸರ್ಯಾರೂ ಮಾತಾಡಿಸಲಿಲ್ಲ. ಒಬ್ಬಳು ಮಾತ್ರ, ಬೆಳಿಗ್ಗೆ ಲೆಕ್ಕ ನೆನಪು ಮಾಡಿದವಳು, ಕೇಳಿಸುವ ಹಾಗೆಯೇ ಅಂದಳು: "ತಾನು ಕೆಟ್ಟಿದ್ದು ಸಾಲದು ಅಂತ ನಮ್ಮ ಬಾಯಿಗೂ ಮಣ್ಣು ಹಾಕಿದ್ಲು." ಅವಳು ಅಂದದ್ದರಲ್ಲಿ ಸುಳ್ಳಿರಲಿಲ್ಲ.

ಗುಡಿಸಲಲ್ಲಿ ಕಟ್ಟಿಕೊಳ್ಳುವಂಥದ್ದು ಎರಡು ಪಾತ್ರೆ, ಒಂದು ಕಂಬಳಿ. ಮಗಳು ಗೋಣಿ ಎತ್ತಿ ಇಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡಳು. ಊರ ನಡುವೆ ಹಾದು ಹೋಗುವಾಗ ದೇವರ ಮನೆಯ ಗೋಡೆ ಬೆಳ್ಳಗೆ, ನುಣ್ಣಗೆ, ಒಂದು ಕಲೆಯಿಲ್ಲದೆ ನಿಂತಿತ್ತು. ಅಂಗಳದಲ್ಲಿ ಕಸ ಬಿದ್ದಿತ್ತು. ಮಾರನೆಯ ದಿನ ಬಿಡುವಿನ ದಿನ. ಅವಳು ನಿಲ್ಲಲಿಲ್ಲ.

ಹೋದದ್ದು ಇಷ್ಟು: ಮೂರು ಸಾವಿರದ ಎಂಟುನೂರ ಐವತ್ತೊಂಬತ್ತು ಇಟ್ಟಿಗೆ, ಗಂಡ, ಗುಡಿಸಲು, ಕೆಲಸ, ದೇವರು. ಅವಳಿಂದಾಗಿ ಗೂಡಿನ ಉಳಿದವರ ನೂರಕ್ಕೊಂದೂ ಹೋಯಿತು. ಉಳಿದದ್ದು ಮಗಳು ಮತ್ತು ಒಂದು ಇಟ್ಟಿಗೆ. ಒಂದು ಇಟ್ಟಿಗೆಗೆ ಬೆನ್ನು ಕೊಟ್ಟು ಕೂರಲು ಆಗುವುದಿಲ್ಲ.